ಕಲ್ಲು ಆರಿಸುವವರ ಹೊಟ್ಟೆಪಾಡು: ಗೆಳೆಯನಿಗೊಂದು ಪತ್ರ

ಲೇ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ದನಿ ತಗ್ಗಿಸಿ ಮಾತಾಡಿದ್ದು ಕೇಳಿ ಮನೆಯಲ್ಲಿ ಏನೋ ಆಗಬಾರದ್ದು ಆಯಿತು ಅಂದುಕೊಂಡೆ. ನೋಡಿದರೆ ಇಷ್ಟೇ: ಮಗಳು ಡಿಗ್ರಿ ಮುಗಿಸಿ ಪುರಾತತ್ವ ಓದುತ್ತಾಳಂತೆ. ಅದರಲ್ಲೂ ಗುಡಿ, ಶಾಸನ ಬೇಡವಂತೆ, ಶಿಲಾಯುಗವೇ ಬೇಕಂತೆ. "ಕಲ್ಲು ಆರಿಸಿದರೆ ಹೊಟ್ಟೆ ತುಂಬುತ್ತದೇನೋ?" ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಬರೆಯುತ್ತಿದ್ದೇನೆ, ಅವಳಿಗೂ ಓದಲು ಕೊಡು.

ಈ ದೇಶದಲ್ಲಿ ಶಿಲಾಯುಗದ ಕಲ್ಲು ಆರಿಸುವ ಕೆಲಸಕ್ಕೆ ನಾಂದಿ ಹಾಡಿದವನು ರಾಬರ್ಟ್ ಬ್ರೂಸ್ ಫೂಟ್. ಅವನ ಹೊಟ್ಟೆ ತುಂಬಿಸಿದ್ದು ಮಾತ್ರ ಬೇರೆ ಕಲ್ಲು. 1858ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಗೆ ಸೇರಿದ. ದಕ್ಷಿಣದ ಬಂಡೆ, ಅದಿರು, ಮಣ್ಣಿನ ನಕ್ಷೆ ಬರೆಯುವುದಕ್ಕೆ ಸಂಬಳ. 1863ರ ಮೇ 30ರಂದು ಮದ್ರಾಸಿನ ಪಲ್ಲಾವರಂನಲ್ಲಿ, ಪೆರೇಡ್ ಮೈದಾನದ ಗರಸಿನ ಗುಂಡಿಯೊಂದರಲ್ಲಿ, ಮನುಷ್ಯ ಕೆತ್ತಿದ ಕಲ್ಲೊಂದನ್ನು ಕಂಡ. ಕೈಗೊಡಲಿ, ಅಂದರೆ ಹಿಡಿಯಿಲ್ಲದೆ ಕೈಯಲ್ಲೇ ಹಿಡಿದು ಬಳಸುವ ಕಲ್ಲು. ಆ ಗುಂಡಿ ತೋಡಿದವರ, ಆ ಗರಸು ಹೊತ್ತವರ ಕೈಗೂ ಅಂಥ ಕಲ್ಲು ಸಿಕ್ಕಿರದೆ ಇರುತ್ತದೆಯೇ? ಆದರೆ ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ ಸಿಕ್ಕಿದ್ದ ಕಲ್ಲಿನ ಆಯುಧಗಳು ತೀರಾ ಹಳೆಯ ಕಾಲದ ಮನುಷ್ಯ ಮಾಡಿದ್ದೇ ಅಂತ ನಾಲ್ಕು ವರ್ಷದ ಹಿಂದಷ್ಟೇ ಇಂಗ್ಲೆಂಡಿನ ಪಂಡಿತರು ಒಪ್ಪಿಕೊಂಡಿದ್ದರು. ಆ ಸುದ್ದಿ ಇವನ ತಲೆಯಲ್ಲಿತ್ತು, ಬಗ್ಗಿ ಎತ್ತಿಕೊಂಡ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಮದ್ರಾಸಿನ ಹತ್ತಿರದ ಅತ್ತಿರಂಪಾಕ್ಕಂಗೆ ಹೋದರೆ ಅಲ್ಲಿ ಇಂಥವೇ ಇನ್ನಷ್ಟು. ಎಷ್ಟು ಹಳೆಯವು ಅಂತ ಹೇಳುವ ದಾರಿ ಅವನ ಕಾಲಕ್ಕೆ ಇರಲಿಲ್ಲ. ಅತ್ತಿರಂಪಾಕ್ಕಂನ ಕಲ್ಲುಗಳಿಗೆ ಸುಮಾರು 15 ಲಕ್ಷ ವರ್ಷ ಅಂತ ಲೆಕ್ಕ ಸಿಕ್ಕಿದ್ದು 2011ರಲ್ಲಿ.

ಅಲ್ಲಿಂದ ಮುಂದೆ ಅವನದು ಎರಡು ಚೀಲದ ಬದುಕು. ಒಂದರಲ್ಲಿ ಸರ್ಕಾರದ ಕಲ್ಲು, ಇನ್ನೊಂದರಲ್ಲಿ ತನ್ನದು. ಗೋಕಾಕದ ಹತ್ತಿರ ಹಳ್ಳದ ದಂಡೆಯಲ್ಲಿ ಘೇಂಡಾಮೃಗದ ಎಲುಬು ಹುಡುಕಿ 1874ರಲ್ಲಿ ಅದರ ಬಗ್ಗೆ ಬರೆದ. ಗೋಕಾಕದಲ್ಲಿ ಘೇಂಡಾಮೃಗ! ನಾವು ಅಲ್ಲಿ ಕಂಡಿದ್ದು ಕರದಂಟು ಒಂದೇ. ಭೂವಿಜ್ಞಾನದವರು ಇವತ್ತಿಗೂ 'ಧಾರವಾಡ ಶಿಲೆ' ಅನ್ನುತ್ತಾರಲ್ಲ, ಆ ಹೆಸರೂ ಇವನಿಟ್ಟಿದ್ದೇ. 33 ವರ್ಷ ಸೇವೆ ಮಾಡಿ 1891ರಲ್ಲಿ ನಿವೃತ್ತನಾದ. ಆಮೇಲೂ ಸುಮ್ಮನೆ ಕೂರಲಿಲ್ಲ, 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥನಾದ. ನಿನ್ನ ಹೊಟ್ಟೆಪಾಡಿನ ಪ್ರಶ್ನೆಗೆ ಅವನ ಮಟ್ಟಿಗೆ ಉತ್ತರ ಇದು.

ಆದರೆ ನಾನು ಹೇಳಬೇಕೆಂದಿದ್ದು ಬೂದಿದಿಬ್ಬದ ವಿಷಯ.

ನಮ್ಮೂರ ಹೊಲದಾಚೆಯ ದಿಬ್ಬ ನೆನಪಿದೆಯಾ? ಬೇಸಿಗೆ ರಜೆಯಲ್ಲಿ ಹತ್ತಿ ಜಾರುತ್ತಿದ್ದೆವು, ಚಡ್ಡಿಯೆಲ್ಲ ಬೂದಿ. ಅದರಲ್ಲಿ ಕಪ್ಪು-ಹಸಿರು ಬಣ್ಣದ, ತೂತುತೂತಾದ ಹೆಂಟೆಗಳು ಸಿಗುತ್ತಿದ್ದವು, ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ. ರಾಕ್ಷಸನ ಎಲುಬು ಅಂತ ನಿಮ್ಮಜ್ಜಿ ಹೆದರಿಸುತ್ತಿದ್ದರು. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಪಂಡಿತರೂ ಹಿಂದೆ ಬೀಳಲಿಲ್ಲ. ಒಬ್ಬರು ವಿಜಯನಗರ ಕಾಲದ ಚಿತೆಗಳೆಂದರು, ಇನ್ನೊಬ್ಬರು ಲೋಹ ಕರಗಿಸಿದ ಕುಲುಮೆ ಎಂದರು.

ಫೂಟ್ ಬಳ್ಳಾರಿ ಹತ್ತಿರದ ಕುಪ್ಪಗಲ್ಲು, ಕುಡತಿನಿ ಕಡೆಯ ದಿಬ್ಬಗಳನ್ನು ನೋಡಿ ಇದು ಸಗಣಿ ಅಂದ. ಶಿಲಾಯುಗದ ಕೊನೆಗಾಲದ ಜನ ದನ ಕೂಡುತ್ತಿದ್ದ ದೊಡ್ಡಿ, ಅಲ್ಲಿ ಬಿದ್ದ ಸಗಣಿ ಉರಿದು ಆದ ಬೂದಿ. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಬರುವುದು ಇಲ್ಲೇ. ನಾವು ತಿಪ್ಪೆ ಪಕ್ಕದಲ್ಲೇ ಹುಟ್ಟಿದವರು, ಕುಳ್ಳು ತಟ್ಟಿದ ಗೋಡೆಗೆ ಒರಗಿ ಬೆಳೆದವರು, ನಮಗೆ ಹೊಳೆಯಲಿಲ್ಲ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಹುಟ್ಟಿದ ಸಾಹೇಬನಿಗೆ ಹೊಳೆಯಿತು. ಆದರೂ ಅವನ ಮಾತು ಖಚಿತವಾಗಲು 1960ರವರೆಗೆ ಕಾಯಬೇಕಾಯಿತು. ಫ್ರೆಡರಿಕ್ ಜಾಯ್ನರ್ ಎಂಬ ವಿಜ್ಞಾನಿ ಆ ಕಿಟ್ಟವನ್ನು ಪರೀಕ್ಷಿಸಿ ಸುಟ್ಟ ಸಗಣಿಯೇ ಹೌದು ಅಂತ ತೋರಿಸಿದರು. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಗೂ ಬರುತ್ತದೆ, ರಾಶಿ ಹಾಕಿ ಜೋರು ಬೆಂಕಿ ಕೊಟ್ಟರೆ ಕರಗಿ ಗಾಜಿನಂತಾಗುತ್ತದೆ. ಅದಕ್ಕೂ ಮೊದಲು, 1957ರಲ್ಲಿ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಿದ್ದರು. ಬೇಲಿಗೆ ನೆಟ್ಟ ಗೂಟಗಳ ಕುಳಿ ಸಿಕ್ಕವು. ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತೂ ಸಿಕ್ಕಿತು ಕಣೋ! ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾವುದೋ ಹೋರಿ ಕಾಲಿಟ್ಟ ಜಾಗ. ಬೇಕೆಂದೇ ಮತ್ತೆ ಮತ್ತೆ ಬೆಂಕಿ ಹಚ್ಚಿದ್ದಾರೆ, ಇದು ಹಬ್ಬದ ಬೆಂಕಿ ಇರಬಹುದು ಅಂತ ಆಲ್ಚಿನ್ ಊಹೆ. ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಆ ಥರ.

ಮಗಳಿಗೆ ಒಂದು ಮಾತು ಹೇಳು. ಈ ಕೆಲಸದಲ್ಲಿ ಹೋರಿಯ ಹೆಜ್ಜೆ ಸಿಗುವ ದಿನ ಅಪರೂಪ. ಉಳಿದ ದಿನವೆಲ್ಲ ಬಿಸಿಲಲ್ಲಿ ನಡೆಯುವುದು, ಮಣ್ಣು ಜರಡಿ ಹಿಡಿಯುವುದು, ಒಡೆದ ಮಡಕೆಯ ಬೋಕಿ ತೊಳೆದು ಒಣಗಿಸಿ ಒಂದೊಂದರ ಮೇಲೂ ಸಣ್ಣ ಅಕ್ಷರದಲ್ಲಿ ನಂಬರ್ ಬರೆಯುವುದು. ಫೂಟ್ 400ಕ್ಕೂ ಹೆಚ್ಚು ಕಡೆಯಿಂದ ಕಲೆಹಾಕಿದ್ದನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡುಕೊಂಡಿತು. ಅದರ ಪಟ್ಟಿ ಬರೆಯುತ್ತಲೇ ಮುಪ್ಪು ಕಳೆದ. ಅಚ್ಚಾಗಿ ಬಂದಿದ್ದು 1914, 1916ರಲ್ಲಿ. ಅವನು 1912ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ.

ಓದುವುದಕ್ಕೆ ಪುಣೆಯ ಡೆಕ್ಕನ್ ಕಾಲೇಜು ಇದೆ, ನಮ್ಮ ಧಾರವಾಡದ ವಿಶ್ವವಿದ್ಯಾಲಯ ಇದೆ. ನೌಕರಿ ಕಡಿಮೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಜಿಯಾಲಜಿಯನ್ನೂ ಜೊತೆಗೆ ಕಲಿತರೆ ಒಳ್ಳೆಯದು, ಫೂಟ್‌ನ ಹಾಗೆ ಎರಡು ಚೀಲ ಇರಲಿ.

ಈಗ ತಪ್ಪೊಪ್ಪಿಗೆ. ನಮ್ಮ ದಿಬ್ಬ ಈಗಿಲ್ಲ. ಅರ್ಧ ಊರೇ ಗೊಬ್ಬರಕ್ಕೆ ಅಂತ ಬಂಡಿಯಲ್ಲಿ ಹೇರಿ ಸಾಗಿಸಿತು, ಅದರಲ್ಲಿ ಅಪ್ಪನ ಬಂಡಿಯೂ ಒಂದು, ಹಿಂದೆ ಕಾಲು ಇಳಿಬಿಟ್ಟು ಕೂತಿದ್ದವನು ನಾನು. ಆ ಬಂಡಿಯಿಂದ ಬಿದ್ದ ಒಂದು ಕಿಟ್ಟದ ಹೆಂಟೆ ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಟ್ಟಿದ್ದೇನೆ. ಯಾವ ಪದರದ್ದು, ಕೆಳಗೆ ಏನಿತ್ತು, ಮೇಲೆ ಏನಿತ್ತು, ಇನ್ನು ಯಾರೂ ಹೇಳಲಾರರು.

ದಸರಾ ರಜೆಗೆ ಅವಳನ್ನು ಕರೆದುಕೊಂಡು ಬಾ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಪುರಾತತ್ವಜ್ಞ ರವಿ ಕೋರಿಶೆಟ್ಟರ ಅವರು ಕಷ್ಟಪಟ್ಟು ಕಟ್ಟಿದ್ದು, ಮೊದಲು ಅದನ್ನು ನೋಡೋಣ. ಮರುದಿನ ಸಂಗನಕಲ್ಲಿನ ಹಿರೇಗುಡ್ಡ. ಅಲ್ಲಿ ಕಲ್ಲುಗೊಡಲಿ ಮಾಡಿದವರು ಬಿಟ್ಟುಹೋದ ಚಕ್ಕೆಗಳು ಕಾಲಿಗೆ ಸಿಗುತ್ತವೆ, ಬಂಡೆಯ ಮೇಲೆ ಕೊಡಲಿ ಮಸೆದ ಗುಳಿಗಳಿವೆ, ಕೈಯಿಟ್ಟರೆ ನುಣುಪು. ಗುಂಡುಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳೂ ಇವೆ. ತಟ್ಟಬೇಡ ಅಂತ ಅವಳಿಗೆ ಈಗಲೇ ಹೇಳಿಡು, ತಟ್ಟಿ ತಟ್ಟಿ ಸವೆಸಿದವರು ಸಾಕಷ್ಟಿದ್ದಾರೆ. ಬೆಳಿಗ್ಗೆ ಆರಕ್ಕೇ ಹೊರಡಬೇಕು, ಒಂಬತ್ತಾದರೆ ಬಂಡೆ ಕಾದ ಹೆಂಚು. ಗಟ್ಟಿ ಚಪ್ಪಲಿ ಹಾಕಿಕೊಳ್ಳಲಿ. ಬುತ್ತಿ ನಮ್ಮ ಮನೆಯದು, ಜೋಳದ ರೊಟ್ಟಿ, ಶೇಂಗಾ ಚಟ್ನಿ.

ನಿನ್ನ ಅದೇ ಹಳೇ ದೋಸ್ತ