ನನ್ನನ್ನು ಐಸ್ ನೀರಿನಲ್ಲಿ ಕೂರಿಸಿದವರಿಗೆ

ನಿನ್ನೆ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಇನ್ನು ನಿಧಾನಕ್ಕೆ ಓಡಬಹುದು" ಎಂದರು. ಎರಡು ತಿಂಗಳಾಯಿತು. ಆ ದಿನ ಹಾಫ್ ಮ್ಯಾರಥಾನ್‌ನಲ್ಲಿ ಹೀಟ್ ಸ್ಟ್ರೋಕ್ ಆದಾಗ (ಮೈ ಬಿಸಿ ವಿಪರೀತ ಏರಿ ತಲೆ ಗಲಿಬಿಲಿಯಾಗುವುದು) ನನ್ನನ್ನು ನೋಡಿಕೊಂಡವರ ಹೆಸರೂ ನನಗೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, 19ನೇ ಕಿಲೋಮೀಟರ್ ಹತ್ತಿರ ನೀರು ಕೊಡುತ್ತಿದ್ದ ಹುಡುಗಿಗೆ. ನಾನಿನ್ನೂ ಬಿದ್ದಿರಲಿಲ್ಲ. ರಸ್ತೆಯಲ್ಲಿ ಅತ್ತಿತ್ತ ವಾಲುತ್ತಾ ಓಡುತ್ತಿದ್ದೆನಂತೆ. ಲೋಟ ಚಾಚಿದರೆ ಅವಳನ್ನೇ ಬೈದೆನಂತೆ. ಬೇರೆಯವರಾಗಿದ್ದರೆ ಸಿಡುಕ ಅಂತ ಬಿಟ್ಟುಬಿಡುತ್ತಿದ್ದರು, ಅಲ್ವಾ? ಅವಳು ಬಿಡಲಿಲ್ಲ. "ಇವತ್ತು ಯಾವ ವಾರ?" ಎಂದು ಕೇಳಿದಳು. ನಾನು ಗುರುವಾರ ಎಂದೆ. ತಕ್ಷಣ ಮೆಡಿಕಲ್ ಟೆಂಟಿನವರನ್ನು ಕರೆದಳು. ಮೈಯಿಂದ ಬೆವರು ಸುರಿಯುತ್ತಲೇ ಇತ್ತು. ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಎಂದುಕೊಂಡಿದ್ದೆ. ಓಡುವವರಿಗೆ ಬೆವರುತ್ತಿರುವಾಗಲೇ ಬರಬಹುದಂತೆ.

ಟೆಂಟಿನೊಳಗಿನದು ಅಣ್ಣ ಹೇಳಿದ್ದು. ನನ್ನ ಬಿಬ್ (ಓಟಗಾರರು ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ) ನಂಬರನ್ನು ಮೈಕಿನಲ್ಲಿ ಕೂಗಿದ್ದು ಕೇಳಿ ಓಡಿ ಬಂದಿದ್ದ. ಬಿಬ್ ಹಿಂದೆ ಮನೆಯವರ ಫೋನ್ ನಂಬರ್ ಬರೆಯುವ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ನನ್ನಂತೆ ರೇಸ್ ಓಡಿದವರಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ನಂಬುವಂತಿಲ್ಲ, ಒಳಗಿನ ಬಿಸಿಗಿಂತ ಕಡಿಮೆ ತೋರಿಸಬಹುದು. ಹಾಗಾಗಿ ಗುದದಲ್ಲಿಟ್ಟು ನೋಡಿದರು. (ನಾಚಿಕೊಳ್ಳುವಷ್ಟು ಎಚ್ಚರ ನನಗಿರಲಿಲ್ಲ ಬಿಡಿ.) 41.3 ಡಿಗ್ರಿ ಸೆಲ್ಸಿಯಸ್.

ಹೊರಗೆ ಆಂಬುಲೆನ್ಸ್ ರೆಡಿ ಇತ್ತು. ಆದರೂ ಅವರು ನನ್ನನ್ನು ಐಸ್ ತುಂಬಿದ ನೀರಿನ ಟಬ್ಬಿನಲ್ಲಿ ಕುತ್ತಿಗೆವರೆಗೆ ಮುಳುಗಿಸಿದರು. ಜಾರಬಾರದೆಂದು ಕಂಕುಳ ಕೆಳಗೆ ಬೆಡ್‌ಶೀಟ್ ಹಾಕಿ ಒಬ್ಬರು ಹಿಡಿದುಕೊಂಡಿದ್ದರು. ಇನ್ನೊಬ್ಬರದು ನೀರು ಕಲಕುವುದೇ ಕೆಲಸ, ಇಲ್ಲದಿದ್ದರೆ ಮೈ ಸುತ್ತಲಿನ ನೀರು ಬಿಸಿಯಾಗಿಬಿಡುತ್ತದೆ. ಅಣ್ಣನಿಗೆ ತಡೆಯಲಾಗಲಿಲ್ಲ. "ಆಸ್ಪತ್ರೆಗೆ ಕರ್ಕೊಂಡು ಹೋಗ್ರೀ, ಇಲ್ಲಿ ಸ್ನಾನ ಮಾಡಿಸ್ತಾ ಕೂತಿದ್ದೀರಲ್ಲ!" ಎಂದು ಕೂಗಾಡಿದನಂತೆ. ಡಾಕ್ಟರ್ ಮೇಡಂ ದನಿ ಏರಿಸಲಿಲ್ಲ. "ಮೊದಲು ಮೈ ತಣ್ಣಗಾಗಬೇಕು, ಆಮೇಲೆ ಆಸ್ಪತ್ರೆ. ಸಿಗೋದು ಅರ್ಧ ಗಂಟೆ. ಅದನ್ನ ದಾರೀಲಿ ಕಳೆಯೋಕಾಗಲ್ಲ" ಎಂದರಂತೆ.

14 ನಿಮಿಷಕ್ಕೆ 38.8ಕ್ಕೆ ಇಳಿಯಿತು. ಆಗ ಎತ್ತಿದರು. ಜಾಸ್ತಿ ಹೊತ್ತು ಬಿಟ್ಟರೆ ಮೈ ಬೇಕಾದ್ದಕ್ಕಿಂತ ತಣ್ಣಗಾಗುತ್ತದಂತೆ. ನಾನು ಕಣ್ಣು ಬಿಟ್ಟು ಕೇಳಿದ ಮೊದಲ ಪ್ರಶ್ನೆ, "ನನ್ನ ಟೈಮಿಂಗ್ ಎಷ್ಟು?"

ಆಸ್ಪತ್ರೆಯಲ್ಲಿ ಎರಡು ದಿನ. ಕಿಡ್ನಿ, ಲಿವರ್, ಸ್ನಾಯು ಎಲ್ಲಕ್ಕೂ ಸ್ವಲ್ಪ ಪೆಟ್ಟಾಗಿತ್ತು, ಸರಿಹೋಯಿತು. ಬೇಗ ತಣ್ಣಗಾಗಿಸಿದ್ದರಿಂದ ಉಳಿದಿರಿ ಎಂದು ಅಲ್ಲಿನವರೂ ಹೇಳಿದರು. ಇನ್ನೊಂದು ಒಪ್ಪಿಕೊಳ್ಳಬೇಕು. ಓಟಕ್ಕೆ ಎರಡು ದಿನ ಮುಂಚೆ ನನಗೆ ಜ್ವರವಿತ್ತು. ಯಾರಿಗೂ ಹೇಳಿರಲಿಲ್ಲ.

ಅಣ್ಣ ಪಕ್ಕದಲ್ಲೇ ಕೂತಿದ್ದಾನೆ. "ಡಾಕ್ಟರ್ ಮೇಡಂಗೆ ನನ್ನ ಕಡೆಯಿಂದ ಸಾರಿ ಅಂತ ಸೇರಿಸು" ಎನ್ನುತ್ತಿದ್ದಾನೆ. ಸೇರಿಸಿದ್ದೇನೆ. ನೀರು ಕೊಟ್ಟ ಹುಡುಗಿಗೆ ನನ್ನದೂ ಒಂದು ಸಾರಿ. ಆ ದಿನ ಭಾನುವಾರ ಕಣಮ್ಮಾ.