ನಿಯಾಂಡರ್ತಾಲರ ಊಟ, ಶನಿವಾರಕ್ಕೆ ಎರಡು ಹಿಡಿ ಕಾಳು

ಎಂಟನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಹೋದ ವಾರ ಒಬ್ಬ ತಾಯಿ ಆಫೀಸಿಗೆ ಬಂದಿದ್ದರು. "ಮೇಡಂ, ಬರೀ ಮಾಂಸ ತಿಂದುಕೊಂಡಿದ್ದವರ ಪಾಠ ನಮ್ಮ ಹುಡುಗನಿಗೆ ಯಾಕೆ?" ಎಂದು ಕೇಳಿದರು. ಉತ್ತರ ಎಲ್ಲರಿಗೂ ಬರೆದುಬಿಡೋಣ ಅನ್ನಿಸಿತು.

ನಿಯಾಂಡರ್ತಾಲರು ನಮ್ಮ ದೂರದ ದಾಯಾದಿಗಳು. ಯುರೋಪು, ಪಶ್ಚಿಮ ಏಷ್ಯಾದಲ್ಲಿದ್ದವರು. ಸುಮಾರು 40,000 ವರ್ಷಗಳ ಹಿಂದೆ ಇಲ್ಲವಾದರು. ಬೇಟೆಯಲ್ಲಿ ಗಟ್ಟಿಗರು, ಅದು ನಿಜ. ಜರ್ಮನಿಯ ನಾಯ್ಮಾರ್ಕ್-ನಾರ್ಡ್‌ನಲ್ಲಿ 1,25,000 ವರ್ಷಗಳ ಹಿಂದೆ ನಮ್ಮ ಆನೆಗಿಂತ ದೊಡ್ಡ ಆನೆಗಳನ್ನೇ ಕಡಿದು ತಿಂದಿದ್ದಾರೆ. ಆದರೆ ಜಾಗ ಬದಲಾದರೆ ಊಟವೂ ಬೇರೆ. ಹಲ್ಲಿನ ಬುಡದಲ್ಲಿ ಗಾರೆಯಂತೆ ಗಟ್ಟಿಯಾಗಿ ಕೊಳೆ ಕಟ್ಟುತ್ತದಲ್ಲ, ಅದರಲ್ಲಿ ತಿಂದ ಪ್ರಾಣಿ, ಗಿಡಗಳ ಗುರುತು ಹೇಳುವ ಡಿಎನ್‌ಎ ಉಳಿದಿರುತ್ತದೆ. ಬೆಲ್ಜಿಯಂನ ಸ್ಪೀ ಗುಹೆಯವರ ಹಲ್ಲಿನಲ್ಲಿ ಉಣ್ಣೆ ಮೈಯ ಘೇಂಡಾಮೃಗ, ಕಾಡುಕುರಿ ಸಿಕ್ಕವು. ಸ್ಪೇನಿನ ಎಲ್ ಸಿಡ್ರೋನ್ ಗುಹೆಯವರದ್ದರಲ್ಲಿ ಅಣಬೆ, ಪೈನ್ ಬೀಜ, ಪಾಚಿ. ಮಾಂಸದ ಗುರುತೇ ಇಲ್ಲ. ಪೋರ್ಚುಗಲ್ಲಿನ ಕಡಲ ತೀರದವರು ಏಡಿ, ಮೀನು, ಚಿಪ್ಪುಮೀನು ತಿನ್ನುತ್ತಿದ್ದರು.

ನನಗೆ ತುಂಬಾ ಹಿಡಿಸಿದ್ದು ಇರಾಕಿನ ಶಾನಿದಾರ್ ಗುಹೆಯ ಒಲೆ. ಅಲ್ಲಿ ಸುಮಾರು 70,000 ವರ್ಷ ಹಳೆಯ, ಸೀದು ಕರಿಕಲಾದ ಅಡುಗೆಯ ಚೂರುಗಳು ಸಿಕ್ಕಿವೆ. ಉಗುರಿನಷ್ಟೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಡು ಕಾಳು, ಅದೂ ನೆನೆಸಿ ಜಜ್ಜಿದ್ದು! ಕಾಡು ಕಾಳಿನ ಕಹಿ ಸಿಪ್ಪೆಯಲ್ಲಿರುತ್ತದೆ. ನೆನೆಸಿದರೆ ಕಡಿಮೆಯಾಗುತ್ತದೆ. ಆದರೆ ಸಿಪ್ಪೆಯನ್ನು ಅವರು ಪೂರ್ತಿ ತೆಗೆದಿಲ್ಲ. ಸ್ವಲ್ಪ ಕಹಿ ಇರಲಿ ಅಂದುಕೊಂಡರೋ, ಹಿತಕಿದ ಬೇಳೆ ಮಾಡುವಷ್ಟು ತಾಳ್ಮೆ ಇರಲಿಲ್ಲವೋ!

ಇದನ್ನು ಮಕ್ಕಳು ಕೈಯಾರೆ ಮಾಡಿ ನೋಡಲಿ ಅಂತ ಆಸೆ. ಶುಕ್ರವಾರ ರಾತ್ರಿ ಒಂದು ಹಿಡಿ ಅವರೆಕಾಳು ನೆನೆಸಿಡಿ. ಶನಿವಾರ ಅದನ್ನೂ, ಇನ್ನೊಂದು ಹಿಡಿ ಒಣ ಕಾಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಕಳಿಸಿ. ಗುಂಡುಕಲ್ಲು ಶಾಲೆಯಲ್ಲೇ ಇದೆ. ಎರಡನ್ನೂ ಜಜ್ಜಿ, ಸಿಪ್ಪೆ ಯಾವುದರಲ್ಲಿ ಸುಲಭವಾಗಿ ಬಿಡುತ್ತದೆ ಅಂತ ಬರೆದುಕೊಳ್ಳುತ್ತಾರೆ. ಹಸಿ ಕಾಳು ಬಾಯಿಗೆ ಹಾಕಬಾರದು ಎಂದು ನೀವೂ ಒಂದು ಮಾತು ಹೇಳಿ. ಮನೆಯಲ್ಲಿ ಅಜ್ಜಿ ಇದ್ದರೆ, ಯಾವ ಕಾಳು ಎಷ್ಟು ಹೊತ್ತು ನೆನೆಯಬೇಕು ಅಂತ ಕೇಳಿಕೊಂಡು ಬರಲಿ. ನಮ್ಮ ವಿಜ್ಞಾನ ಶಿಕ್ಷಕರಿಗೆ ಅದು ಗೊತ್ತಿಲ್ಲವಂತೆ.

ಡಬ್ಬಿಯ ಮೇಲೆ ದಯವಿಟ್ಟು ಹೆಸರು ಬರೆಯಿರಿ. ಕಳೆದ ಸಲದ ಐದು ಡಬ್ಬಿಗಳು ಇನ್ನೂ ನನ್ನ ಮೇಜಿನ ಮೇಲೇ ಇವೆ.

ಇತಿ,
ಮುಖ್ಯ ಶಿಕ್ಷಕಿ