ಕಾರು ಮಾರಿದ ಮೇಲೆ ಕೇಳುವವರೇ ಇಲ್ಲವೇ?

ಮಾನ್ಯ ಸಂಪಾದಕರೇ,

ಕಾರು ತಯಾರಿಕೆಗೆ ಸರ್ಕಾರ ಕೊಡುತ್ತಿರುವ ನೆರವಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ನಾನು ಓದಿದ್ದು ಸರ್ವಿಸ್ ಸೆಂಟರ್‌ನಲ್ಲಿ ಕಾಯುತ್ತಾ ಕೂತಾಗ. ನನ್ನ ಎಲೆಕ್ಟ್ರಿಕ್ ಕಾರು ಅಲ್ಲಿ ನಿಂತು ಇವತ್ತಿಗೆ 41 ದಿನ. ಗಾಜಿನ ಮೇಲೆ ದೂಳು ಕೂತಿದೆ, ಅದರ ಮೇಲೆ ಯಾರೋ ಬೆರಳಲ್ಲಿ ಗೀಚಿದ್ದಾರೆ. ಜಾಬ್ ಕಾರ್ಡಿನಲ್ಲಿ ಡೆಲಿವರಿ ದಿನಾಂಕವನ್ನು ಮೂರು ಸಲ ಹೊಡೆದುಹಾಕಿ ಬರೆದಿದ್ದಾರೆ. ನಾಲ್ಕನೆಯದನ್ನು ಬರೆಯಲು ಜಾಗವೇ ಉಳಿದಿಲ್ಲ.

ಕೆಟ್ಟಿರುವುದು ಒಂದು ಪೆಟ್ಟಿಗೆ, ಅಷ್ಟೇ. ಮನೆಯ ಪ್ಲಗ್ಗಿನಿಂದ ಬರುವ ಕರೆಂಟನ್ನು ಬ್ಯಾಟರಿಗೆ ತುಂಬುವ ಚಾರ್ಜರ್. ಕಾರು ಸ್ಟಾರ್ಟ್ ಆಗಲು ಬೇಕಾದ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಚಾರ್ಜ್ ಮಾಡುವುದೂ ಅದರದ್ದೇ ಕೆಲಸ. ಅದು ಕೈಕೊಟ್ಟರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ‘ಪಾರ್ಟ್ ಹೊರದೇಶದಿಂದ ಬರಬೇಕು ಸರ್, ನಮ್ಮ ಕೈಯಲ್ಲಿ ಏನಿಲ್ಲ’ ಅಂತಾನೆ ಅಲ್ಲಿನ ಹುಡುಗ. ಅವನನ್ನು ಬೈದು ಏನು ಪ್ರಯೋಜನ? ಹೊರಗೆ ತೋರಿಸೋಣವೆಂದರೆ ವಾರಂಟಿ ಹೋಗುತ್ತದಂತೆ. ಕಾರು ನಿಂತರೂ ಸಾಲದ ಕಂತು ನಿಂತಿಲ್ಲ. ಅಮ್ಮನ ಮಂಡಿ ಆಪರೇಷನ್ ಆಗಿದೆ. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಆಟೊದಲ್ಲೇ ಕರೆದೊಯ್ಯಬೇಕು. ಪ್ರತಿ ಗುಂಡಿಗೂ ಅವರು ನನ್ನ ತೋಳು ಹಿಡಿದು ಹಲ್ಲು ಕಚ್ಚುತ್ತಾರೆ. ಆ ರಸ್ತೆಯನ್ನು ಪೈಪು ಹಾಕಲು ಅಗೆದು ಹೋದವರು ಇನ್ನೂ ಬಂದಿಲ್ಲ. ಅದರ ಬಗ್ಗೆ ಕಳೆದ ವರ್ಷವೇ ನಿಮಗೆ ಬರೆದಿದ್ದೆ.

ಈಗ ವರದಿಯ ವಿಷಯ. ವಾಹನ ಮತ್ತು ಬಿಡಿಭಾಗಗಳ ತಯಾರಿಕೆಗೆ 2021ರಲ್ಲಿ ಕೇಂದ್ರ ಸರ್ಕಾರ 25,938 ಕೋಟಿ ರೂಪಾಯಿಯ ಪಿಎಲ್‌ಐ (ಉತ್ಪಾದನೆ ಆಧಾರಿತ ಪ್ರೋತ್ಸಾಹಧನ) ಯೋಜನೆ ತಂದಿತು. ಬ್ಯಾಟರಿ ಕೋಶಗಳಿಗೆ ಬೇರೆಯೇ 18,100 ಕೋಟಿ. ನೆರವು ಬೇಡ ಎನ್ನುವವನು ನಾನಲ್ಲ. ಚೀನಾ ತನ್ನ ಕಾರ್ಖಾನೆಗಳ ಬೆನ್ನಿಗೆ ವರ್ಷಗಟ್ಟಲೆ ನಿಂತಿದೆ, ನಾವು ಸುಮ್ನೆ ಕೂತರೆ ಆಗುತ್ತದೆಯೇ? ಆದರೆ ಪಿಎಲ್‌ಐ ಹಣ ಸಿಗುವುದು ಮಾರಾಟದ ಲೆಕ್ಕದ ಮೇಲೆ. ಮಾರಿದ ಕಾರು ರಸ್ತೆಯಲ್ಲಿ ಓಡುತ್ತಿದೆಯೋ ಶೆಡ್ಡಿನಲ್ಲಿ ಕೊಳೆಯುತ್ತಿದೆಯೋ, ಅದಕ್ಕೆ ಯಾವ ಲೆಕ್ಕವೂ ಇಲ್ಲ. ತಯಾರಿಸಿದ್ದರ ಮೌಲ್ಯದಲ್ಲಿ ಅರ್ಧದಷ್ಟಾದರೂ ದೇಶದೊಳಗೇ ಆಗಿರಬೇಕು ಎಂಬ ಷರತ್ತೇನೋ ಇದೆ. ಉಳಿದ ಅರ್ಧದಲ್ಲೇ ನನ್ನ ಈ ಪೆಟ್ಟಿಗೆಯಂಥವು ಸೇರಿಕೊಂಡರೆ?

2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಆಯಸ್ಕಾಂತದ ರಫ್ತಿಗೆ ಲಗಾಮು ಹಾಕಿತು. ಮೋಟಾರಿಗೆ ಬೇಕಾದ ಅಂಗೈಯಗಲದ ವಸ್ತುವಿಗಾಗಿ ದೊಡ್ಡ ದೊಡ್ಡ ಕಂಪನಿಗಳೇ ಪರದಾಡಿದವು. ಅದಾದ ಮೇಲೆ ನವೆಂಬರ್‌ನಲ್ಲಿ ಆಯಸ್ಕಾಂತವನ್ನು ಇಲ್ಲೇ ತಯಾರಿಸುವ 7,280 ಕೋಟಿಯ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ನೀರು ಮೂಗಿಗೆ ಬಂದ ಮೇಲೆಯೇ ಎಚ್ಚರವಾಗಬೇಕೆ?

ಕೊಂಡ ವಸ್ತುವನ್ನು ಕಂಪನಿಯನ್ನೇ ನೆಚ್ಚಿಕೊಳ್ಳದೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿತ್ತು. ಅದರ ಪಟ್ಟಿಯಲ್ಲಿ ವಾಹನಗಳೂ ಇದ್ದವು. ಅದರಿಂದ ನನ್ನ ಕಾರಿಗೆ ಆದದ್ದೇನು? ಪರಿಸರ ಉಳಿಸಿ, ಎಲೆಕ್ಟ್ರಿಕ್ ಕೊಳ್ಳಿ ಅಂತ ಹೇಳಿದ್ದು ಇದೇ ಸರ್ಕಾರ ಅಲ್ವಾ? ಮಾತು ನಂಬಿ ಕೊಂಡೆ. ಒಂದು ಪಾರ್ಟ್ ಇಲ್ಲದೆ ನಿಂತ ಕಾರಿನಿಂದ ಯಾವ ಪರಿಸರ ಉಳಿಯುತ್ತದೆ?

ಅಧಿಕಾರಿಗಳ ವಿಷಯ ಹೇಳುವುದೇ ಬೇಡ. ಈ ಕಾರಿನ ಆರ್‌ಸಿ ಕಾರ್ಡ್ ಕೈಗೆ ಬರಲು ಐದು ತಿಂಗಳು ಬೇಕಾಯಿತು. ಇವತ್ತು ಈ ಕೌಂಟರ್, ನಾಳೆ ಆ ಕೌಂಟರ್. ಈಗ ಸಹಾಯವಾಣಿಗೆ ಫೋನ್ ಮಾಡಿದರೆ ದೂರು ದಾಖಲಾಗಿದೆ ಅನ್ನುತ್ತಾರೆ. ಮರುದಿನ ಕೇಳಿದರೆ ಹೊಸ ನಂಬರ್ ಕೊಡುತ್ತಾರೆ. ನನ್ನ ಹತ್ತಿರ ಇಂಥ ಆರು ನಂಬರ್ ಇವೆ.

ಸರ್ಕಾರದ ಹಣ ತಿನ್ನುವ ಕಂಪನಿಗಳು ಬಿಡಿಭಾಗ ಇಲ್ಲೇ ದಾಸ್ತಾನು ಇಡುವಂತೆ ಮಾಡಲಿ. ಇಲ್ಲವೇ ಪಾರ್ಟ್ ಬರುವವರೆಗೆ ಓಡಾಡಲು ಬೇರೆ ಕಾರು ಕೊಡಿಸಲಿ. ಎರಡೂ ಆಗದಿದ್ದರೆ ಕೊಟ್ಟ ಹಣವನ್ನಾದರೂ ವಾಪಸ್ ಪಡೆಯಲಿ. ಕುರ್ಚಿಯಲ್ಲಿ ಕೂತವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ? ನಾಡಿದ್ದು ಅಮ್ಮನನ್ನು ಮತ್ತೆ ಅದೇ ರಸ್ತೆಯಲ್ಲಿ ಆಟೊದಲ್ಲಿ ಕರೆದೊಯ್ಯಬೇಕು.

– ನೊಂದ ಓದುಗ